ಮಾಂಟ್‌ಗೊಮರಿಯ ಆ ಕಾರುಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 1ರ ಸಂಚಿಕೆಯಲ್ಲಿ ರೋಸಾ ಪಾರ್ಕ್ಸ್ ಅವರನ್ನು ನೆನೆದು ನೀವು ಹಾಕಿದ್ದ ಪುಟ್ಟ ಬರಹ ಓದಿದೆ. ಅವರನ್ನು ನೆನೆಸಿಕೊಂಡಿದ್ದಕ್ಕೆ ಸಂತೋಷ. ಆದರೆ ಆ ಬರಹ ಹೇಳಿದ್ದಿಷ್ಟೇ: ದಣಿದ ಕಪ್ಪು ಹೆಂಗಸೊಬ್ಬರು ಬಸ್ಸಿನಲ್ಲಿ ಬಿಳಿಯರ ಸೀಟಿನಲ್ಲಿ ಕೂತರು, ಎದ್ದೇಳಲಿಲ್ಲ, ಪೊಲೀಸರು ಹಿಡಿದರು. ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದರು. ಕಾನೂನು ಬದಲಾಯಿತು. ಇದನ್ನು ಓದಿದ ಹುಡುಗರು ಏನಂದುಕೊಳ್ಳುತ್ತಾರೆ? ಒಂದು ದಿನ ಧೈರ್ಯ ಮಾಡಿ ಕೂತುಬಿಟ್ಟರೆ ಸಾಕು ಅಂದುಕೊಳ್ಳುತ್ತಾರೆ. ಆ ಒಂದು ಸಂಜೆಯ ಹಿಂದೆ ವರ್ಷಗಟ್ಟಲೆ ತಯಾರಿ ಇತ್ತು, ಮುಂದೆ 381 ದಿನಗಳ ದುಡಿಮೆ ಇತ್ತು. ಅದನ್ನು ಯಾರೂ ಹೇಳುವುದಿಲ್ಲ ಎಂಬ ಸಂಕಟಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಬಸ್ ಸಂಸ್ಥೆಯೊಂದರಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ಯಾವ ಬಸ್ ಎಷ್ಟು ಹೊತ್ತಿಗೆ ಬಿಡಬೇಕು, ಯಾವ ರೂಟಿಗೆ ಎಷ್ಟು ಟ್ರಿಪ್, ಡ್ರೈವರ್ ಬರದಿದ್ದರೆ ಯಾರನ್ನು ಕಳಿಸಬೇಕು ಅನ್ನುವುದರಲ್ಲೇ ನನ್ನ ಆಯಸ್ಸು ಕಳೆಯಿತು. ಬೆಳಗಿನ ಒಂದೇ ಒಂದು ಶೆಡ್ಯೂಲ್ ರದ್ದಾದರೆ ಸ್ಟ್ಯಾಂಡಿನಲ್ಲಿ ಎಂಥ ಗಲಾಟೆ ಆಗುತ್ತದೆ ಎಂದು ಕಣ್ಣಾರೆ ಕಂಡವನು. ಹಾಗಾಗಿ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ಭಾಷಣಗಳ ಕಡೆ ಹೋಗುವುದೇ ಇಲ್ಲ. ಬಸ್ ಹತ್ತುವುದನ್ನೇ ಬಿಟ್ಟ ಮೇಲೆ ಅಷ್ಟು ಸಾವಿರ ಕಪ್ಪು ಜನ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋದದ್ದು ಹೇಗೆ? ನನಗೆ ಮೊದಲು ಹುಟ್ಟುವ ಪ್ರಶ್ನೆ ಅದು.

ಮೊದಲು ಆ ಬಸ್ಸಿನ ವ್ಯವಸ್ಥೆ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೆ. ಅವು ಖಾಲಿ ಬಿದ್ದಿದ್ದರೂ ಕಪ್ಪು ಜನ ಅಲ್ಲಿ ಕೂರುವಂತಿಲ್ಲ. ಹಿಂದಿನ 10 ಕಪ್ಪು ಜನರಿಗೆ. ನಡುವಿನ 16 ಸೀಟು ಯಾರಿಗೆ ಅನ್ನುವುದು ಡ್ರೈವರ್ ಮರ್ಜಿ. ಡ್ರೈವರ್‌ಗೆ ಬಸ್ಸಿನೊಳಗೆ ಪೊಲೀಸ್ ಅಧಿಕಾರ ಕೊಟ್ಟಿದ್ದರು. ಕಪ್ಪು ಪ್ರಯಾಣಿಕರು ಮುಂದಿನ ಬಾಗಿಲಲ್ಲಿ ಹತ್ತಿ 10 ಸೆಂಟ್ ಹಾಕಿ, ಮತ್ತೆ ಕೆಳಗಿಳಿದು, ಹಿಂದಿನ ಬಾಗಿಲಿಗೆ ನಡೆದು ಹತ್ತಬೇಕಿತ್ತು. ಕೆಲವು ಡ್ರೈವರ್‌ಗಳು ದುಡ್ಡು ಬಿದ್ದ ಮೇಲೆ, ಅವರು ಹಿಂದಿನ ಬಾಗಿಲು ಮುಟ್ಟುವ ಮುಂಚೆಯೇ ಬಸ್ ಎಳೆದುಕೊಂಡು ಹೋಗಿಬಿಡುತ್ತಿದ್ದರು. ಹಣ ಕೊಟ್ಟ ಪ್ರಯಾಣಿಕರನ್ನು ಬೇಕಂತಲೇ ರಸ್ತೆಯಲ್ಲಿ ಬಿಟ್ಟು ಹೋಗುವುದು! ಬಸ್ ಕೆಲಸ ಮಾಡಿದ ನನಗೆ ಇದನ್ನು ಓದಿದಾಗ ಹೊಟ್ಟೆ ಉರಿಯಿತು.

1955ರ ಡಿಸೆಂಬರ್ 1, ಗುರುವಾರ. ರೋಸಾ ಪಾರ್ಕ್ಸ್ ಕೂತದ್ದು ಬಿಳಿಯರ ಸೀಟಿನಲ್ಲಲ್ಲ, ನಡುವಿನ ಭಾಗದ ಮೊದಲ ಸಾಲಿನಲ್ಲಿ. ಇದನ್ನು ತಿದ್ದಿಕೊಳ್ಳಬೇಕು. ಮುಂದಿನ ಸೀಟುಗಳು ತುಂಬಿ ಒಬ್ಬ ಬಿಳಿಯ ನಿಂತಿದ್ದ. ಅವನೊಬ್ಬನಿಗೋಸ್ಕರ ಆ ಸಾಲಿನ ನಾಲ್ಕೂ ಜನ ಏಳಬೇಕು ಅಂದ ಡ್ರೈವರ್. ಯಾಕೆಂದರೆ ಬಿಳಿಯರು ಕೂತ ಸಾಲಿನಲ್ಲಿ ಕಪ್ಪು ಜನ ಕೂರಬಾರದು. ಮೂವರು ಎದ್ದರು. ಪಾರ್ಕ್ಸ್ ಕಿಟಕಿ ಕಡೆಗೆ ಸರಿದು ಕೂತರು. 1943ರಲ್ಲಿ ಇದೇ ಡ್ರೈವರ್ ಹಿಂದಿನ ಬಾಗಿಲಿಂದ ಹತ್ತಲಿಲ್ಲ ಎಂದು ಅವರನ್ನು ಬಸ್ಸಿನಿಂದ ಇಳಿಸಿದ್ದ.

ಇನ್ನು ಆ ದಣಿವಿನ ವಿಷಯ. ಪಾರ್ಕ್ಸ್ ಅವರಿಗೆ ಆಗ 42 ವರ್ಷ. ದೊಡ್ಡ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ. ಅದರ ಜೊತೆಗೆ ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಊರಿನ ಶಾಖೆಗೆ ಎಷ್ಟೋ ವರ್ಷ ಕಾರ್ಯದರ್ಶಿಯಾಗಿದ್ದವರು. ಅದೇ ಬೇಸಿಗೆಯಲ್ಲಿ ಟೆನೆಸ್ಸೀ ರಾಜ್ಯದ ಹೈಲ್ಯಾಂಡರ್ ಶಾಲೆಗೆ ಹೋಗಿ ಹೋರಾಟದ ತರಬೇತಿ ಪಡೆದು ಬಂದಿದ್ದರು. ಕಾಲು ನೋವಿಗೆ ಕೂತವರು ಎಂದು ಬರೆದುಬಿಟ್ಟರೆ ಅವರ ಬುದ್ಧಿಗೂ ಕೆಲಸಕ್ಕೂ ಅನ್ಯಾಯ ಮಾಡಿದಂತೆ ಅಲ್ವಾ?

ಅವತ್ತು ರಾತ್ರಿಯ ಕೆಲಸವನ್ನು ನೋಡಿ. ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಅಲ್ಲಿನ ಮಹಿಳಾ ರಾಜಕೀಯ ಮಂಡಳಿಯ ಅಧ್ಯಕ್ಷೆ. ಬಸ್ಸಿನವರ ವರ್ತನೆ ಸರಿಹೋಗದಿದ್ದರೆ ಜನ ಬಸ್ ಹತ್ತುವುದನ್ನೇ ಬಿಡುತ್ತಾರೆ ಎಂದು 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದಿದ್ದರು. ಪಾರ್ಕ್ಸ್ ಬಂಧನದ ಸುದ್ದಿ ಬಂದ ರಾತ್ರಿ ಅವರು ಕಾಲೇಜಿಗೆ ಹೋದರು. ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಕೂತರು. ಸೋಮವಾರ ಬಸ್ ಹತ್ತಬೇಡಿ ಎಂಬ ಕರಪತ್ರ. ಕಾಗದ ಉಳಿಸಲು ಒಂದೊಂದು ಹಾಳೆಯಲ್ಲೂ ಮೂರು ಮೂರು ಸಲ ಅದನ್ನೇ ಅಚ್ಚು ಹಾಕಿ ಕತ್ತರಿಸಿದರು. ಬೆಳಗಾಗುವಷ್ಟರಲ್ಲಿ ಹತ್ತಾರು ಸಾವಿರ ಚೀಟಿ ಸಿದ್ಧ. ಅವನ್ನು ಯಾರು ಎಲ್ಲಿ ಹಂಚಬೇಕು ಎಂಬುದು ಮೊದಲೇ ಯೋಚಿಸಿಟ್ಟದ್ದಾಗಿತ್ತು. ಕಿಂಗ್ ಅವರ ಹೆಸರು ಇನ್ನೂ ಎಲ್ಲೂ ಇರಲಿಲ್ಲ. ಮುಂದೆ ಈ ಬಹಿಷ್ಕಾರದ ಮುಂದಾಳಾದ ಅವರಿಗೆ ಆಗ 26 ವರ್ಷ, ಊರಿಗೆ ಹೊಸಬರಾದ ಪಾದ್ರಿ.

ಡಿಸೆಂಬರ್ 5ರ ಸೋಮವಾರ ಬೆಳಿಗ್ಗೆ ಕಿಂಗ್ ಮನೆ ಮುಂದೆ ದಿನಾ ಮನೆಗೆಲಸದ ಹೆಂಗಸರಿಂದ ತುಂಬಿ ಬರುತ್ತಿದ್ದ ಬಸ್ ಅವತ್ತು ಖಾಲಿ ಬಂತು. ಅದೇ ದಿನ ಕೋರ್ಟು ಪಾರ್ಕ್ಸ್ ಅವರಿಗೆ 10 ಡಾಲರ್ ದಂಡ, 4 ಡಾಲರ್ ಖರ್ಚು ಹಾಕಿತು. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸೇರಿದ ಜನ, ಒಂದು ದಿನಕ್ಕೆ ನಿಲ್ಲಿಸುವುದು ಬೇಡ, ಮುಂದುವರಿಸೋಣ ಎಂದರು. ಅವರ ಬೇಡಿಕೆ ಏನಿತ್ತು ಗೊತ್ತೇ? ಡ್ರೈವರ್‌ಗಳು ಮರ್ಯಾದೆಯಿಂದ ಮಾತಾಡಬೇಕು. ಮೊದಲು ಬಂದವರಿಗೆ ಸೀಟು, ಬಿಳಿಯರು ಮುಂದಿನಿಂದ, ಕಪ್ಪು ಜನ ಹಿಂದಿನಿಂದ. ಕಪ್ಪು ಜನರ ಬಡಾವಣೆಗಳ ರೂಟಿಗೆ ಕಪ್ಪು ಡ್ರೈವರ್‌ಗಳನ್ನು ಹಾಕಬೇಕು. ಅಷ್ಟೇ. ಬೇರೆ ಬೇರೆ ಕೂರಿಸುವ ಪದ್ಧತಿಯನ್ನೇ ತೆಗೆಯಿರಿ ಎಂದು ಆಗ ಕೇಳಿರಲೂ ಇಲ್ಲ. ಇಷ್ಟು ಸಣ್ಣದನ್ನೂ ನಗರಸಭೆ ಕೊಡಲಿಲ್ಲ.

ಈಗ ನನ್ನ ಇಷ್ಟದ ಭಾಗಕ್ಕೆ ಬರುತ್ತೇನೆ. ಆ ಊರಿನ ಬಸ್ಸುಗಳಲ್ಲಿ ಓಡಾಡುತ್ತಿದ್ದವರಲ್ಲಿ ಮುಕ್ಕಾಲು ಪಾಲು ಕಪ್ಪು ಜನ. ಅವರಿಗೆ ದಿನ ಬೆಳಗಾದರೆ ಊರಿನ ಇನ್ನೊಂದು ತುದಿಯಲ್ಲಿ ಅಡುಗೆ, ಕಸಮುಸುರೆ, ತೋಟ, ಕಾರ್ಖಾನೆ ಕೆಲಸ. ಹೋಗದಿದ್ದರೆ ಕೂಲಿ ಇಲ್ಲ. ಮೊದಮೊದಲು ಕಪ್ಪು ಟ್ಯಾಕ್ಸಿ ಡ್ರೈವರ್‌ಗಳು ಬಸ್ಸಿನ ದರಕ್ಕೇ, 10 ಸೆಂಟಿಗೇ ಕರೆದುಕೊಂಡು ಹೋದರು. ಟ್ಯಾಕ್ಸಿಯ ಕನಿಷ್ಠ ದರ 45 ಸೆಂಟ್, ಅದಕ್ಕಿಂತ ಕಡಿಮೆ ತಗೊಂಡರೆ ಕೇಸು ಹಾಕುತ್ತೇವೆ ಎಂದಿತು ಪೊಲೀಸ್. ಆ ದಾರಿ ಮುಚ್ಚಿತು. ಆಗ ಕಿಂಗ್ ಲೂಸಿಯಾನಾದ ಬ್ಯಾಟನ್ ರೂಜ್ ಊರಿನ ಪಾದ್ರಿ ಜೆಮಿಸನ್ ಅವರಿಗೆ ಫೋನ್ ಮಾಡಿ ವಿಚಾರಿಸಿದರು. 1953ರಲ್ಲಿ ಅಲ್ಲಿನ ಜನ ಬಸ್ ಬಿಟ್ಟು, ತಮ್ಮ ತಮ್ಮ ಕಾರುಗಳಲ್ಲೇ ಒಬ್ಬರನ್ನೊಬ್ಬರು ಕರೆದೊಯ್ದಿದ್ದರು. ಅನುಭವ ಇದ್ದವರನ್ನು ಕೇಳಿ ಕಲಿಯುವುದು. ಇದೂ ಹೋರಾಟದ ಕೆಲಸವೇ.

ವಾರ ಎರಡು ವಾರದೊಳಗೆ ಮಾಂಟ್‌ಗೊಮರಿಯಲ್ಲಿ ಸುಮಾರು 300 ಕಾರುಗಳು ಓಡತೊಡಗಿದವು. ಕಿಂಗ್ ಅವರ ಲೆಕ್ಕದ ಪ್ರಕಾರ ಬೆಳಿಗ್ಗೆ ಜನರನ್ನು ಕೆಲಸಕ್ಕೆ ಕಳಿಸಲು 48 ಜಾಗ, ಸಂಜೆ ವಾಪಸ್ ಕರೆತರಲು 42 ಜಾಗ. ಬೆಳಗಿನ ಜಾಗಗಳಲ್ಲಿ ಚರ್ಚುಗಳಿದ್ದವು, ಶವಸಂಸ್ಕಾರದ ಕಚೇರಿಗಳೂ ಇದ್ದವು. ಚಳಿಯಲ್ಲಿ ಒಳಗೆ ಕೂತು ಕಾಯಬಹುದಲ್ಲ! ಪೇಟೆಯ ನಡುವೆ ಕಪ್ಪು ಮಾಲೀಕರೊಬ್ಬರ ಪಾರ್ಕಿಂಗ್ ಜಾಗ ಇತ್ತು. ಅದೇ ಇವರ ಮುಖ್ಯ ನಿಲ್ದಾಣ. ಯಾವ ಕಾರು ಎಲ್ಲಿಗೆ ಎಂದು ಹೇಳಿ ಕಳಿಸಲು ಅಲ್ಲಿ ಜನ ನಿಂತಿರುತ್ತಿದ್ದರು. ನಾನು ಸಂಬಳ ತಗೊಂಡು ಮಾಡಿದ ಕೆಲಸವನ್ನು ಅವರು ಪುಕ್ಕಟೆ ಮಾಡಿದರು. ಅಂಗಡಿಯ ಕೆಲಸ ಹೋದ ಮೇಲೆ ಸ್ವತಃ ರೋಸಾ ಪಾರ್ಕ್ಸ್ ಕೆಲವು ವಾರ ಈ ಕಾರು ಕಳಿಸುವ ಕೆಲಸಕ್ಕೆ ಕೂತಿದ್ದರು. ಡ್ರೈವರ್‌ಗಳಿಗೆ, ಕಾಯುವ ಪ್ರಯಾಣಿಕರಿಗೆ ಅವರು ಬರೆದ ಸೂಚನೆಗಳು ಇವತ್ತಿಗೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇವೆ. ಕಾರು ತಡವಾದರೆ ತಾಳ್ಮೆ ಕಳೆದುಕೊಳ್ಳಬೇಡಿ, ಬಸ್ಸುಗಳು ನಿಲ್ಲಿಸದೆ ಹೋಗುತ್ತಿದ್ದ ಕಾಲದಲ್ಲಿ ಎಷ್ಟು ಕಾಯುತ್ತಿದ್ದೆವು ನೆನಪಿಸಿಕೊಳ್ಳಿ ಎಂಬ ಅರ್ಥದ ಮಾತು ಅದರಲ್ಲಿದೆ. ಸ್ಟ್ಯಾಂಡಿನಲ್ಲಿ ನಿಂತು ಪ್ರಯಾಣಿಕರನ್ನು ಸಮಾಧಾನ ಮಾಡಿದ ಯಾರಿಗಾದರೂ ಆ ಸಾಲಿನ ಬೆಲೆ ಗೊತ್ತಾಗುತ್ತದೆ.

ಟಿಕೆಟ್ ಹರಿಯುವಂತಿಲ್ಲ. ದುಡ್ಡು ತಗೊಂಡರೆ ಲೈಸೆನ್ಸ್ ಇಲ್ಲದ ಬಾಡಿಗೆ ಗಾಡಿ ಆಗುತ್ತದೆ. ಹಾಗಾದರೆ ಪೆಟ್ರೋಲಿಗೆ ಹಣ ಎಲ್ಲಿಂದ? ಚರ್ಚುಗಳ ಕಾಣಿಕೆಯಿಂದ, ದೂರದ ಊರುಗಳ ದೇಣಿಗೆಯಿಂದ. ಮತ್ತೆ ಜಾರ್ಜಿಯಾ ಗಿಲ್ಮೋರ್ ಅಂಥವರಿಂದ. ಇವರು ಅಡುಗೆ ಕೆಲಸದವರು. ಒಂದಿಷ್ಟು ಹೆಂಗಸರನ್ನು ಸೇರಿಸಿಕೊಂಡು ಮನೆಯಲ್ಲೇ ಸ್ಯಾಂಡ್‌ವಿಚ್, ಕೇಕ್ ಮಾಡಿ ಮಾರುತ್ತಿದ್ದರು. ಬಂದ ದುಡ್ಡನ್ನು ವಾರದ ಸಭೆಯಲ್ಲಿ ತಂದು ಒಪ್ಪಿಸುತ್ತಿದ್ದರು. ಎಲ್ಲಿಂದ ಬಂತು ಎಂದು ಕೇಳಿದರೆ, ಎಲ್ಲಿಂದಲೂ ಇಲ್ಲ ಅನ್ನುವುದು. ಗುಂಪಿನ ಹೆಸರೇ ಹಾಗೆ, ‘ಕ್ಲಬ್ ಫ್ರಮ್ ನೋವೇರ್’. ಬಿಳಿಯ ಯಜಮಾನರ ಮನೆಯಲ್ಲಿ ಕೆಲಸ ಮಾಡುವ ಹೆಂಗಸರ ಹೆಸರು ಹೊರಬಿದ್ದರೆ ಮಾರನೇ ದಿನವೇ ಕೆಲಸ ಹೋಗುತ್ತದಲ್ಲ, ಅದಕ್ಕೆ ಈ ಉಪಾಯ. ಗಿಲ್ಮೋರ್ ಅವರಂತೂ 1956ರಲ್ಲಿ ಕಿಂಗ್ ಪರವಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಅದಕ್ಕೆ ಕೆಲಸ ಕಳೆದುಕೊಂಡರು. ಆಮೇಲೆ ಮನೆಯಲ್ಲೇ ಊಟ ಹಾಕಿ ಬದುಕಿದರು. ಭಾಷಣದಷ್ಟೇ ಗೌರವ ಈ ಕೇಕಿಗೂ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎದುರಾಳಿಗಳು ಸುಮ್ನೆ ಕೂರಲಿಲ್ಲ. ಕಾರು ಓಡಿಸುವವರ ಮೇಲೆ ಸಣ್ಣಪುಟ್ಟದ್ದಕ್ಕೆಲ್ಲ ದಂಡ. 25 ಮೈಲಿ ಮಿತಿಯ ರಸ್ತೆಯಲ್ಲಿ 30ರಲ್ಲಿ ಹೋದರು ಎಂದು ಕಿಂಗ್ ಅವರನ್ನೇ 1956ರ ಜನವರಿ 26ರಂದು ಜೈಲಿಗೆ ಹಾಕಿದರು. ಚರ್ಚುಗಳ ಹೆಸರಿನಲ್ಲಿ ಹದಿನೈದಕ್ಕೂ ಹೆಚ್ಚು ಹೊಸ ಸ್ಟೇಷನ್ ವ್ಯಾಗನ್ ಗಾಡಿ ಕೊಂಡರೆ ವಿಮೆ ರದ್ದು ಮಾಡಿಸಿದರು. ಅಟ್ಲಾಂಟಾದ ಕಪ್ಪು ವಿಮಾ ಏಜೆಂಟ್ ಒಬ್ಬರ ಮೂಲಕ ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮೆ ಮಾಡಿಸಬೇಕಾಯಿತು. ವಿಮೆ ಇಲ್ಲದ ಗಾಡಿ ರಸ್ತೆಗೆ ಇಳಿಸಬಾರದು ಎಂಬ ನಿಯಮವನ್ನು ಅಷ್ಟು ಕಷ್ಟದಲ್ಲೂ ಅವರು ಬಿಡಲಿಲ್ಲ, ನೋಡಿ.

ಪತ್ರಿಕೆಯವರಾದ ನಿಮಗೆ ಒಂದು ಘಟನೆ ಹೇಳಲೇಬೇಕು. ಜನವರಿ 21, ಶನಿವಾರ. ಬಹಿಷ್ಕಾರ ಮುಗಿಯಿತು, ಕಪ್ಪು ಪಾದ್ರಿಗಳು ಒಪ್ಪಿಕೊಂಡರು ಎಂಬ ಸುದ್ದಿಯನ್ನು ನಗರಸಭೆ ಪತ್ರಿಕೆಗಳಿಗೆ ಕೊಟ್ಟಿತು. ಭಾನುವಾರ ಬೆಳಿಗ್ಗೆ ಅದು ಅಚ್ಚಾಗಿ ಬಂದರೆ ಜನ ನಂಬಿ ಸೋಮವಾರ ಬಸ್ ಹತ್ತುತ್ತಾರೆ ಎಂಬ ಲೆಕ್ಕಾಚಾರ. ದೂರದ ಮಿನಿಯಾಪೊಲಿಸ್‌ನಲ್ಲಿ ಕಾರ್ಲ್ ರೋವನ್ ಎಂಬ ಕಪ್ಪು ವರದಿಗಾರನಿಗೆ ಈ ಸುದ್ದಿ ಕಣ್ಣಿಗೆ ಬಿತ್ತು. ಅನುಮಾನ ಬಂದು ಅವರು ನೇರ ಕಿಂಗ್ ಅವರಿಗೇ ಫೋನ್ ಮಾಡಿದರು. ಕಿಂಗ್ ಅವರಿಗೆ ಇದು ಗೊತ್ತೇ ಇರಲಿಲ್ಲ! ಅವತ್ತು ರಾತ್ರಿಯೇ ಅವರೂ ಜೊತೆಗಾರರೂ ಊರಿನ ಕುಡಿಯುವ, ಕುಣಿಯುವ ಜಾಗಗಳಿಗೆಲ್ಲ ಹೋಗಿ ಇದು ಸುಳ್ಳು ಎಂದು ಸಾರಿದರು. ಬೆಳಿಗ್ಗೆ ಚರ್ಚುಗಳಲ್ಲಿಯೂ ಹೇಳಿಸಿದರು. ಸೋಮವಾರ ಬಸ್ಸುಗಳು ಎಂದಿನಂತೆ ಖಾಲಿ. ಒಂದು ಸುದ್ದಿಯನ್ನು ಹಾಕುವ ಮುಂಚೆ ಸಂಬಂಧಪಟ್ಟವರನ್ನು ಕೇಳುವುದರಿಂದ ಎಷ್ಟು ದೊಡ್ಡ ಕೆಲಸ ಆಯಿತು!

ಜನವರಿ 30ರ ರಾತ್ರಿ ಕಿಂಗ್ ಮನೆಗೆ ಬಾಂಬ್ ಬಿತ್ತು. ಒಳಗೆ ಹೆಂಡತಿ, ಪುಟ್ಟ ಮಗು. ಹೊರಗೆ ಸಿಟ್ಟಿನಿಂದ ಸೇರಿದ ಜನ, ಕೆಲವರ ಕೈಯಲ್ಲಿ ಆಯುಧ. ಕಿಂಗ್ ಜಗಲಿಯಲ್ಲಿ ನಿಂತು ಆ ಜನರನ್ನು ವಾಪಸ್ ಕಳಿಸಿದರು. ಫೆಬ್ರವರಿಯಲ್ಲಿ 80ಕ್ಕೂ ಹೆಚ್ಚು ಜನರ ಮೇಲೆ 1921ರ ಹಳೆಯ ಬಹಿಷ್ಕಾರ ವಿರೋಧಿ ಕಾನೂನಿನಡಿ ಮೊಕದ್ದಮೆ ಬಿತ್ತು. ಪೊಲೀಸರು ಮನೆಗೆ ಬರುವ ತನಕ ಅವರು ಕಾಯಲಿಲ್ಲ. ತಾವೇ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ, ನನ್ನ ಹೆಸರಿದೆಯಾ ನೋಡಿ ಎಂದು ಕೇಳಿದರು. ಜೈಲಿನ ಹೆದರಿಕೆ ಹಾಗೆ ಕಳಚಿ ಬಿತ್ತು.

ಕೆಲವರು ಕೇಳುತ್ತಾರೆ, ಕೊನೆಗೆ ಗೆಲ್ಲಿಸಿದ್ದು ಕೋರ್ಟು ತಾನೇ, ಈ ನಡಿಗೆಯಿಂದ ಏನಾಯಿತು ಅಂತ. ಪ್ರಶ್ನೆ ನ್ಯಾಯವಾದದ್ದೇ. ಬಸ್ಸಿನ ಕಾನೂನನ್ನು ಹೊಡೆದುಹಾಕಿದ ‘ಬ್ರೌಡರ್ ವಿರುದ್ಧ ಗೇಲ್’ ಮೊಕದ್ದಮೆ ಪಾರ್ಕ್ಸ್ ಅವರದ್ದಲ್ಲ. 1956ರ ಫೆಬ್ರವರಿ 1ರಂದು ಫ್ರೆಡ್ ಗ್ರೇ ಎಂಬ 25 ವರ್ಷದ ವಕೀಲ ಅದನ್ನು ಹಾಕಿದರು. ನಿಂತವರು ನಾಲ್ವರು ಹೆಂಗಸರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಕ್ಲಾಡೆಟ್ ಕಾಲ್ವಿನ್, ಮೇರಿ ಲೂಯಿಸ್ ಸ್ಮಿತ್. ಐದನೆಯವರೊಬ್ಬರು ಬೆದರಿಕೆಗೆ ಹಿಂದೆ ಸರಿದರು. ಅವರನ್ನು ದೂರಲಾಗದು. ಉಳಿದ ನಾಲ್ವರು ಗಟ್ಟಿಯಾಗಿ ನಿಂತದ್ದು ಹೇಗೆ? ಇಡೀ ಊರಿನ ಕಪ್ಪು ಜನ ದಿನಾ ರಸ್ತೆಯಲ್ಲಿ ನಡೆಯುತ್ತಿದ್ದದ್ದು ಅವರ ಕಣ್ಣೆದುರಿಗಿತ್ತು. ಕೋರ್ಟಿನ ಒಳಗಿನದನ್ನೂ ಹೊರಗಿನದನ್ನೂ ಬೇರೆ ಮಾಡಲು ನನಗಂತೂ ಆಗುವುದಿಲ್ಲ.

ಜೂನ್ 5ರಂದು ಕೆಳಗಿನ ಕೋರ್ಟಿನ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಈ ಹೆಂಗಸರ ಪರ ತೀರ್ಪು ಕೊಟ್ಟರು. ನಗರಸಭೆ ಸುಪ್ರೀಂ ಕೋರ್ಟಿಗೆ ಹೋಯಿತು. ನವೆಂಬರ್ 13ರಂದು ಕಿಂಗ್ ಇನ್ನೊಂದು ಕೋರ್ಟಿನಲ್ಲಿ ಕೂತಿದ್ದರು. ಈ ಕಾರುಗಳ ಓಡಾಟವನ್ನೇ ನಿಲ್ಲಿಸಬೇಕು ಎಂಬ ನಗರಸಭೆಯ ಅರ್ಜಿಯ ವಿಚಾರಣೆ. ಅಲ್ಲಿಗೇ ಚೀಟಿ ಬಂತು, ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದೇವೆ ಎಂದು. ಅದೇ ದಿನ ಆ ಸ್ಥಳೀಯ ಕೋರ್ಟು ಕಾರುಗಳಿಗೆ ತಡೆ ಹಾಕಿತು. ಸುಪ್ರೀಂ ಕೋರ್ಟಿನ ಆದೇಶದ ಪ್ರತಿ ಊರಿಗೆ ತಲುಪಲು ಡಿಸೆಂಬರ್ 20 ಆಯಿತು. ಕಾರೂ ಇಲ್ಲ, ಬಸ್ಸೂ ಇಲ್ಲ. ಆ ಒಂದು ತಿಂಗಳಿಗಿಂತ ಜಾಸ್ತಿ ದಿನ ಜನ ನಡೆದೇ ಹೋದರು, ನೆರೆಹೊರೆಯವರು ಕೈಲಾದಷ್ಟು ನೆರವಾದರು. ಈ ಭಾಗ ಯಾವ ಪಾಠದಲ್ಲೂ ಬರುವುದಿಲ್ಲ.

ಆ ಕಾಯುವ ದಿನಗಳಲ್ಲಿ ಚರ್ಚುಗಳಲ್ಲಿ ಏನು ನಡೆಯುತ್ತಿತ್ತು ಎಂದು ಓದಿ ನಾನು ಬೆರಗಾದೆ. ಮುಂದೆ ಕುರ್ಚಿಗಳನ್ನು ಬಸ್ಸಿನ ಸೀಟಿನಂತೆ ಸಾಲಾಗಿ ಜೋಡಿಸುತ್ತಿದ್ದರು. ಸಭೆಯಿಂದಲೇ ಕೆಲವರನ್ನು ಕರೆದು ಒಬ್ಬರನ್ನು ಡ್ರೈವರ್, ಕೆಲವರನ್ನು ಬಿಳಿಯರು, ಕೆಲವರನ್ನು ಕಪ್ಪು ಪ್ರಯಾಣಿಕರು ಎಂದು ಮಾಡುತ್ತಿದ್ದರು. ‘ಬಿಳಿಯ’ ಬೈಯಬೇಕು, ತಳ್ಳಬೇಕು. ಪ್ರಯಾಣಿಕ ತಿರುಗಿ ಬೈಯಬಾರದು, ಹೊಡೆಯಬಾರದು, ಸೀಟನ್ನೂ ಬಿಡಬಾರದು. ಕೆಲವೊಮ್ಮೆ ಬಿಳಿಯನ ಪಾತ್ರದವರು ನಿಜವಾಗಿಯೂ ರೇಗುತ್ತಿದ್ದರು, ಕಪ್ಪು ಪ್ರಯಾಣಿಕರ ಪಾತ್ರದವರು ತಾಳ್ಮೆ ತಪ್ಪುತ್ತಿದ್ದರು. ಆಗ ನಿಲ್ಲಿಸಿ, ಮಾತಾಡಿ, ಮತ್ತೆ ಮಾಡಿಸುತ್ತಿದ್ದರು. ಸೂಚನೆಗಳ ಪಟ್ಟಿಯನ್ನೂ ಹಂಚಿದರು. ಬೇರೆ ಸೀಟು ಖಾಲಿ ಇದ್ದರೆ ಬೇಕಂತಲೇ ಬಿಳಿಯರ ಪಕ್ಕ ಹೋಗಿ ಕೂರಬೇಡಿ, ಗೆದ್ದೆವು ಎಂದು ಮೆರೆಯಬೇಡಿ ಎಂಬುದೂ ಅದರಲ್ಲಿತ್ತು. ಗೆದ್ದವರಿಗೆ ಇಂಥ ಪಾಠ ಹೇಳಿಕೊಟ್ಟ ಚಳವಳಿಯನ್ನು ನಾನು ಇನ್ನೆಲ್ಲೂ ಓದಿಲ್ಲ.

ಈ ಅಭ್ಯಾಸದ ಕೆಲಸವನ್ನು ಮುಂದೆ ತಗೊಂಡು ಹೋದವರು ಜೇಮ್ಸ್ ಲಾಸನ್. ಕೊರಿಯಾ ಯುದ್ಧಕ್ಕೆ ಹೋಗಲು ಒಪ್ಪದೆ ಜೈಲು ಕಂಡವರು. ಆಮೇಲೆ ನಮ್ಮ ದೇಶದ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು, ಗಾಂಧಿಯವರ ದಾರಿಯನ್ನು ಇಲ್ಲೇ ಓದಿ ತಿಳಿದರು. ಮಾಂಟ್‌ಗೊಮರಿಯ ಸುದ್ದಿಯನ್ನು ಅವರು ಓದಿದ್ದೂ ನಾಗಪುರದ ಪತ್ರಿಕೆಯಲ್ಲೇ. ವಾಪಸ್ ಹೋಗಿ ನ್ಯಾಶ್‌ವಿಲ್‌ನಲ್ಲಿ ಡಯೇನ್ ನ್ಯಾಶ್ ಮುಂತಾದ ವಿದ್ಯಾರ್ಥಿಗಳಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟರು. 1960ರ ಫೆಬ್ರವರಿಯಲ್ಲಿ ಆ ಹುಡುಗ ಹುಡುಗಿಯರು ಬಿಳಿಯರಿಗಷ್ಟೇ ಊಟ ಕೊಡುವ ಕೌಂಟರ್‌ಗಳಲ್ಲಿ ಹೋಗಿ ಕೂತರು. ಮೇ 10ಕ್ಕೆ ಪೇಟೆಯ ಕೌಂಟರ್‌ಗಳು ಎಲ್ಲರಿಗೂ ತೆರೆದವು. ಇದು ಇನ್ನೊಂದು ಪತ್ರದ ವಿಷಯ.

ಗೆದ್ದ ಮೇಲೆ ಎಲ್ಲ ಸರಿಹೋಯಿತು ಎಂದೂ ಬರೆಯಬೇಡಿ. 1956ರ ಡಿಸೆಂಬರ್ 21ರ ಬೆಳಿಗ್ಗೆ ಕಿಂಗ್ ಮತ್ತು ಜೊತೆಯವರು ಬಸ್ ಹತ್ತಿ ಮುಂದೆ ಕೂತರು. ಒಂದೇ ವಾರದಲ್ಲಿ ಬಸ್ಸುಗಳ ಮೇಲೆ ಗುಂಡು ಹಾರಿತು. ಗರ್ಭಿಣಿಯೊಬ್ಬರ ಕಾಲಿಗೆ ಗುಂಡು ತಗುಲಿತು. ಸಂಜೆ 5ರ ಮೇಲೆ ಬಸ್ ಬಿಡುವುದನ್ನೇ ನಿಲ್ಲಿಸಿದರು. 1957ರ ಜನವರಿ 10ರಂದು ನಾಲ್ಕು ಚರ್ಚುಗಳಿಗೆ, ಇಬ್ಬರು ಪಾದ್ರಿಗಳ ಮನೆಗೆ ಬಾಂಬ್ ಹಾಕಿದರು. ಪಾರ್ಕ್ಸ್ ದಂಪತಿಗೆ ಆ ಊರಿನಲ್ಲಿ ಕೆಲಸವೇ ಸಿಗಲಿಲ್ಲ, ಅದೇ ವರ್ಷ ಊರು ಬಿಟ್ಟರು, ಡೆಟ್ರಾಯಿಟ್ ಸೇರಿದರು. ಕ್ಲಾಡೆಟ್ ಕಾಲ್ವಿನ್ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ, ಸೀಟು ಬಿಡದೆ ಬಂಧನಕ್ಕೊಳಗಾದ ಹುಡುಗಿ. ಆ ಕೇಸಿನ ದಾಖಲೆಯನ್ನು ಕೋರ್ಟು ಅಳಿಸಿಹಾಕಿದ್ದು 2021ರಲ್ಲಿ. ಅವರಿಗೆ ಆಗ 82 ವರ್ಷ.

ಡಿಸೆಂಬರ್ 21ಕ್ಕೆ ಇನ್ನೂ ಕೆಲವು ದಿನಗಳಿವೆ. ಅವತ್ತಿನ ಸಂಚಿಕೆಯಲ್ಲಿ, ಆಗದಿದ್ದರೆ ಆ ವಾರದ ಮಕ್ಕಳ ಪುಟದಲ್ಲಿ, ಈ ಕಾರುಗಳ ಬಗ್ಗೆ, ಕುರ್ಚಿ ಜೋಡಿಸಿ ಮಾಡಿದ ಅಭ್ಯಾಸದ ಬಗ್ಗೆ ಒಂದು ಬರಹ ಹಾಕಿ. ಮೊಕದ್ದಮೆ ಹೂಡಿದ ಆ ನಾಲ್ವರು ಹೆಂಗಸರ ಹೆಸರನ್ನೂ ರಾಬಿನ್ಸನ್, ಗಿಲ್ಮೋರ್ ಅವರ ಹೆಸರನ್ನೂ ಬಿಡದೆ ಕೊಡಿ. ಮೊದಲ ಬರಹದಲ್ಲಿ ಪಾರ್ಕ್ಸ್ ಬಿಳಿಯರ ಸೀಟಿನಲ್ಲಿ ಕೂತರು ಎಂದು ಬಂದದ್ದಕ್ಕೆ ತಿದ್ದುಪಡಿಯನ್ನೂ ಅಲ್ಲೇ ಹಾಕಿದರೆ ಉಪಕಾರ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಂಚಾರ ನಿಯಂತ್ರಕ